ಯಾವ ಪಿ.ಆರ್. ಸಾರ್?

ಎಲ್ಲರಿಗೂ ನಮಸ್ಕಾರ. ಸ್ವಾಗತ ಮಾಡಿದವರು ನನ್ನನ್ನು 'ಪಿ.ಆರ್. ಬಗ್ಗೆ ಬಲ್ಲವರು' ಎಂದರು. ಯಾವ ಪಿ.ಆರ್. ಅಂತ ಹೇಳಲಿಲ್ಲ. ಒಳ್ಳೆಯದೇ ಆಯಿತು, ನನ್ನ ಜಗಳ ಇರುವುದೇ ಆ ಎರಡಕ್ಷರದ ಜೊತೆ.

ಪಾಠ ಮಾಡುತ್ತಿದ್ದ ಕಾಲದಲ್ಲಿ ಒಂದು ಕಿರುಪರೀಕ್ಷೆಗೆ ನಾನೇ ಪ್ರಶ್ನೆ ಬರೆದಿದ್ದೆ: 'ಪಿ.ಆರ್. ಪದ್ಧತಿಯ ಗುಣದೋಷ ಬರೆಯಿರಿ, 5 ಅಂಕ.' ನನ್ನ ತಲೆಯಲ್ಲಿದ್ದದ್ದು ಪ್ರಮಾಣಾನುಸಾರ ಪ್ರಾತಿನಿಧ್ಯ. ಬಾಯಿ ತುಂಬುವ ಹೆಸರು, ಒಪ್ಪುತ್ತೇನೆ. ಪಕ್ಷಕ್ಕೆ ಎಷ್ಟು ಮತವೋ ಅದಕ್ಕೆ ತಕ್ಕಷ್ಟು ಸೀಟು, ಅಷ್ಟೇ. ಮುಂದಿನ ಬೆಂಚಿನ ಹುಡುಗಿ ಅದನ್ನು ರಾಷ್ಟ್ರಪತಿ ಆಳ್ವಿಕೆ ಅಂದುಕೊಂಡು 356ನೇ ವಿಧಿಯಿಂದ ಶುರು ಮಾಡಿ ಎರಡು ಪುಟ ತುಂಬಿಸಿದ್ದಳು. ಇನ್ನೊಬ್ಬ ಪಂಚಾಯತ್ ರಾಜ್ ಬರೆದ. ದೋಷ: 'ಗ್ರಾಮಸಭೆಗೆ ಕೋರಂ ಇರುವುದಿಲ್ಲ.' ನಿಜ ತಾನೇ! ಕೊನೇ ಬೆಂಚಿನವನು ಕೆನಡಾದಲ್ಲಿದ್ದ ಅಣ್ಣನ ಪಿ.ಆರ್., ಅಂದರೆ ಅಲ್ಲಿ ಕಾಯಂ ವಾಸಕ್ಕೆ ಸಿಗುವ ಅನುಮತಿ, ಅದರ ಬಗ್ಗೆ ಬರೆದಿದ್ದ. ಗುಣ, ಅಲ್ಲೇ ಇರಬಹುದು. ದೋಷ, ಬರುವುದು ತಡ. ಅವನಿಗೂ 2 ಅಂಕ ಕೊಟ್ಟೆ. ತಪ್ಪು ನನ್ನದಲ್ವಾ?

ಆದರೆ ನೋಡಿ, ಒಂದು ಪಿ.ಆರ್. ಅಧಿಕಾರವನ್ನು ಹಳ್ಳಿಗೆ ಇಳಿಸುತ್ತದೆ, ಇನ್ನೊಂದು ದೆಹಲಿಗೆ ಎಳೆದುಕೊಂಡು ಹೋಗುತ್ತದೆ. ಹೆಸರು ಮೊಟಕು ಮಾಡಿದರೆ ಯಾರ ಕೈಗೆ ಏನು ಹೋಯಿತು ಅನ್ನುವುದೇ ಕಾಣುವುದಿಲ್ಲ. ನಮ್ಮ ರಾಜ್ಯ ಎರಡನ್ನೂ ಹತ್ತಿರದಿಂದ ಕಂಡಿದೆ. ಪಂಚಾಯತ್ ರಾಜ್ ಸಚಿವರಾಗಿದ್ದ ನಜೀರ್ ಸಾಬ್ ಕಾಲದ 1983ರ ಪಂಚಾಯತ್ ಕಾಯ್ದೆ, 1987ರ ಜಿಲ್ಲಾ ಪರಿಷತ್ ಚುನಾವಣೆ, ಹೆಣ್ಣುಮಕ್ಕಳಿಗೆ ಶೇ. 25 ಮೀಸಲು. ಇದಾಗಿ ಎರಡೇ ವರ್ಷಕ್ಕೆ, 1989ರ ಏಪ್ರಿಲ್‌ನಲ್ಲಿ, ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ ಅವರ ಸರ್ಕಾರ ವಜಾ, ರಾಷ್ಟ್ರಪತಿ ಆಳ್ವಿಕೆ. ಬೆಂಬಲ ವಾಪಸ್ ಪಡೆದಿದ್ದೇವೆ ಎಂಬ 19 ಶಾಸಕರ ಪತ್ರ ರಾಜ್ಯಪಾಲರ ಮುಂದಿತ್ತು. ಅವರಲ್ಲಿ ಏಳು ಜನ ಮಾತು ಬದಲಿಸಿ ಬೆಂಬಲ ಇದೆ ಅಂದರು. ಸದನದಲ್ಲೇ ಬಹುಮತ ತೋರಿಸುತ್ತೇನೆ ಅಂದರೂ ಬೊಮ್ಮಾಯಿಗೆ ಅವಕಾಶ ಸಿಗಲಿಲ್ಲ. 1994ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಬಹುಮತ ಎಣಿಸುವ ಜಾಗ ಸದನ, ರಾಜಭವನ ಅಲ್ಲ ಎಂದಿತು. ಅಷ್ಟರಲ್ಲಿ ಸರ್ಕಾರ ಹೋಗಿ ಐದು ವರ್ಷ ಆಗಿತ್ತು, ಬಿಡಿ.

ಈಗ ನನ್ನ ಪಿ.ಆರ್.ಗೆ ಬರುತ್ತೇನೆ. ಕ್ಷಮಿಸಿ, ನಾನೂ ಅದನ್ನೇ ಅಂದೆ. ಪ್ರಮಾಣಾನುಸಾರ ಪ್ರಾತಿನಿಧ್ಯ ಹೊರದೇಶದ ಸರಕು ಅಂತ ಸುಮ್ನೆ ಹೇಳುತ್ತಾರೆ. ರಾಜ್ಯಸಭೆ ಚುನಾವಣೆ ದಿನ ವಿಧಾನಸೌಧದಲ್ಲಿ ನಡೆಯುವುದು ಇದೇ. ಶಾಸಕರು ನೇರಳೆ ಬಣ್ಣದ ಪೆನ್ನಿನಲ್ಲಿ ಹೆಸರಿನ ಎದುರು ತಮ್ಮ ಆಯ್ಕೆಯ ಕ್ರಮದಲ್ಲಿ 1, 2, 3 ಎಂದು ಬರೆಯುತ್ತಾರೆ. 224 ಮತ, ನಾಲ್ಕು ಸೀಟು ಅಂದರೆ 45 ಮತ ಬಂದವನು ಗೆದ್ದ. ಮೊದಲ ಆಯ್ಕೆ ಗೆದ್ದು ಮತ ಹೆಚ್ಚಾದರೆ, ಹೆಚ್ಚಿನದು ಎರಡನೆಯವನಿಗೆ ಹೋಗುತ್ತದೆ. ಏನೂ ಪೋಲಾಗದ ಹಾಗೆ ಲೆಕ್ಕ! ಅದೇ ಶಾಸಕರನ್ನು ನಾವು ಆರಿಸುವಾಗ? ಕ್ಷೇತ್ರದಲ್ಲಿ ಎಲ್ಲರಿಗಿಂತ ಹೆಚ್ಚು ಮತ ಬಂದವನು ಗೆದ್ದ, ಉಳಿದವರ ಮತ ಪೋಲು. 2018ರಲ್ಲಿ ಶೇ. 38 ಮತ ಪಡೆದ ಕಾಂಗ್ರೆಸ್‌ಗೆ 80ರ ಆಸುಪಾಸು ಸೀಟು, ಶೇ. 36 ಪಡೆದ ಬಿಜೆಪಿಗೆ 104. ಯಾವ ಪಕ್ಷದ ಪರವಾಗಿಯೂ ಹೇಳುತ್ತಿಲ್ಲ. ನಮ್ಮ ಮತ ಎಣಿಸುವಾಗ ಮಾತ್ರ ಯಾಕೆ ಇಷ್ಟು ಧಾರಾಳ ಅಂತ ಕೇಳುತ್ತಿದ್ದೇನೆ.

ಸಮಯ ಆಯಿತು ಅಂತ ಚೀಟಿ ಬಂತು. ಜರ್ಮನಿ, ಶ್ರೀಲಂಕಾ ಎರಡನ್ನೂ ಬಿಡುತ್ತೇನೆ. ನೇಪಾಳ ಮಾತ್ರ ಒಂದು ಮಾತು: 2015ರ ಸಂವಿಧಾನದಂತೆ ಅಲ್ಲಿನ ಕೆಳಮನೆಯ 275 ಸೀಟಲ್ಲಿ 165 ನಮ್ಮ ಥರ, 110 ಮತದ ಪ್ರಮಾಣಕ್ಕೆ ತಕ್ಕಂತೆ. ಸರ್ಕಾರ ಪದೇ ಪದೇ ಬೀಳುತ್ತದಲ್ಲ ಅಂತೀರಿ. ಬೀಳುತ್ತದೆ. ನಮ್ಮಲ್ಲಿ ಆ ಪದ್ಧತಿ ಇಲ್ಲದೆಯೂ ಬಿದ್ದಿಲ್ಲವೇ? ಹಾಂ, ಹಿಂದೆ ಯಾರೋ ಕೈ ಎತ್ತಿದ್ದಾರೆ. ಕೇಳಿ ಸಾರ್, ಹೆಸರು ಮಾತ್ರ ಪೂರ್ತಿ ಹೇಳಿ.