ಈಜಿಪ್ಟ್ ಟೂರ್ ಹಾಳಾಯಿತಾ? ತಪ್ಪು ನಿಮ್ಮದಲ್ಲ

ನಮಸ್ಕಾರ. ಫಾರಿನ್ ಟೂರ್‌ಗೆ ಎಲ್ಲಿ ಹೋಗಬೇಕು, ಏನು ತಿನ್ನಬೇಕು ಅಂತ ಹೇಳುವ ವಿಡಿಯೊಗಳು ಬೇಕಾದಷ್ಟಿವೆ. ನಾನು ಇವತ್ತು ಹೇಳುವುದು ಹೋಗಿ ಬಂದವರು ಬಾಯಿ ಬಿಡದ ಸಂಗತಿ. ಅದರಲ್ಲೂ ಈಜಿಪ್ಟ್‌ಗೆ ಹೋಗಿ ಬಂದವರದು.

ಚೀಟಿ ಎತ್ತಿಯೋ, ವರ್ಷಗಟ್ಟಲೆ ದುಡ್ಡು ಕೂಡಿಟ್ಟೋ ಹೋಗಿರುತ್ತಾರೆ. ಪಿರಮಿಡ್ ಮುಂದೆ ನಿಂತ ಫೋಟೊ ಸ್ಟೇಟಸ್‌ಗೆ ಬರುತ್ತದೆ. ಊರಿಗೆ ಬಂದಮೇಲೆ ನಿಧಾನಕ್ಕೆ ವಿಚಾರಿಸಿದರೆ, "ಅಯ್ಯೋ ಕೇಳಬೇಡಿ, ಅರ್ಧ ದಿನ ಜಗಳದಲ್ಲೇ ಹೋಯಿತು" ಅನ್ನುತ್ತಾರೆ. ಆಮೇಲೆ ತಾವೇ ಸೇರಿಸುತ್ತಾರೆ, "ನಮಗೇ ಸರಿಯಾಗಿ ಮಾತಾಡೋಕೆ ಬರಲಿಲ್ಲ ಬಿಡಿ." ನನಗೆ ಸಂಕಟ ಆಗುವುದು ಈ ಕೊನೆಯ ಮಾತಿಗೆ. ದುಡ್ಡು ಕೊಟ್ಟವರೂ ಇವರು, ಕಿರುಕುಳ ತಿಂದವರೂ ಇವರು. ತಪ್ಪನ್ನೂ ಇವರೇ ಯಾಕೆ ಹೊತ್ತುಕೊಳ್ಳಬೇಕು?

ಪಿರಮಿಡ್‌ಗಳಿರುವ ಗೀಜಾದಲ್ಲಿ ಏನಾಗುತ್ತದೆ ಅಂತ ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಿಮ್ಮ ಮುಖ ಕಂಡ ಕೂಡಲೇ "ಇಂಡಿಯಾ! ಅಮಿತಾಭ್ ಬಚ್ಚನ್!" ಅಂತ ಕೂಗುತ್ತಾರೆ. ಆ ಪ್ರೀತಿ ಸುಳ್ಳಲ್ಲ. ಹಿಂದಿ ಸಿನಿಮಾಗಳನ್ನು ಅಲ್ಲಿ ದಶಕಗಳಿಂದ ನೋಡುತ್ತಾ ಬಂದಿದ್ದಾರೆ, ಬಚ್ಚನ್ ಅಂದರೆ ಜೀವ. ಖುಷಿಯಾಗಿ ನೀವು ನಿಂತಿರಿ ಅನ್ನಿ. ತಲೆಗೊಂದು ಬಟ್ಟೆ ಸುತ್ತಿ "ಗಿಫ್ಟ್, ಗಿಫ್ಟ್" ಅನ್ನುತ್ತಾರೆ. ನಿಮ್ಮ ಫೋನ್ ಇಸ್ಕೊಂಡು ನಿಮ್ಮದೇ ಫೋಟೊ ತೆಗೆಯುತ್ತಾರೆ. ಆಮೇಲೆ ಬಕ್ಷೀಸ್. ಕೊಟ್ಟಿದ್ದು ಸಾಲುವುದಿಲ್ಲ. ಇನ್ನೊಬ್ಬ ಬಂದು "ಟಿಕೆಟ್ ತೋರಿಸಿ" ಅನ್ನುತ್ತಾನೆ. ಸರ್ಕಾರದ ಸಿಬ್ಬಂದಿ ಅಂದುಕೊಂಡು ಕೊಟ್ಟರೆ, ಅದನ್ನು ಕೈಯಲ್ಲಿ ಹಿಡಿದುಕೊಂಡೇ ಗೈಡ್ ಆಗಿ ಮುಂದೆ ನಡೆಯುತ್ತಾನೆ. ಒಂಟೆ ಹತ್ತುವಾಗ ಒಂದು ರೇಟ್, ಇಳಿಸುವಾಗ ಇನ್ನೊಂದು. ನೀವು ಅಷ್ಟೆತ್ತರದಲ್ಲಿ ಕೂತಿದ್ದೀರಿ, ಮುಂದೆ ಮಗು ಅಳುತ್ತಿದೆ, ಒಂಟೆಯ ಹಗ್ಗ ಅವನ ಕೈಯಲ್ಲಿದೆ. ಯಾರು ತಾನೇ ಚೌಕಾಸಿ ಮಾಡುತ್ತಾರೆ? ಸುಮಾರು 4,500 ವರ್ಷ ಹಳೆಯ ಕಟ್ಟಡ ಎದುರಿಗಿದೆ. ಅದನ್ನು ಕಣ್ತುಂಬ ನೋಡೋಕೂ ಬಿಡುವುದಿಲ್ಲ.

ಹೊಟ್ಟೆಪಾಡು ಅನ್ನುತ್ತೀರಾ? ಅದು ನಿಜ, ನಾನೂ ಒಪ್ಪುತ್ತೇನೆ. 2010ರಲ್ಲಿ ಈಜಿಪ್ಟ್‌ಗೆ 1.47 ಕೋಟಿ ಪ್ರವಾಸಿಗರು ಬಂದಿದ್ದರು. 2011ರ ಕ್ರಾಂತಿ ಆಯಿತು. 2015ರ ಅಕ್ಟೋಬರ್ 31ರಂದು ಅಲ್ಲಿನ ಸಮುದ್ರ ತೀರದ ಪ್ರವಾಸಿ ಊರು ಶರ್ಮ್ ಎಲ್-ಶೇಖ್‌ನಿಂದ ಹೊರಟ ರಷ್ಯಾದ ವಿಮಾನ ಸಿನಾಯ್‌ನಲ್ಲಿ ಬಿದ್ದು 224 ಜನ ಸತ್ತರು. ಮರುವರ್ಷ ಬಂದವರು ಸುಮಾರು 54 ಲಕ್ಷ ಮಾತ್ರ. ಆಮೇಲೆ ಕೊರೊನಾ. ಈಗ ಜನ ಮತ್ತೆ ಬರುತ್ತಿದ್ದಾರೆ, ಆದರೆ 2024ರ ಮಾರ್ಚ್‌ನಲ್ಲಿ ಡಾಲರ್‌ಗೆ 31 ಈಜಿಪ್ಟ್ ಪೌಂಡ್ ಇದ್ದದ್ದು ಒಂದೇ ಏಟಿಗೆ 50ರ ಹತ್ತಿರ ಹೋಯಿತು, ಅಂದರೆ ಅಲ್ಲಿನ ದುಡ್ಡಿನ ಬೆಲೆ ಬಿದ್ದುಹೋಯಿತು. ಟೂರಿಸ್ಟ್ ಬರದ ದಿನವೂ ಒಂಟೆಗೆ ಮೇವು ಹಾಕಲೇಬೇಕು. ಬದುಕು ಕಷ್ಟ ಅಂತ ಅವನು ಕೂಗಿ ಕರೆದರೆ ಅರ್ಥವಾಗುತ್ತದೆ. ಮಗುವನ್ನು ಒಂಟೆಯ ಮೇಲಿಟ್ಟುಕೊಂಡು ದುಡ್ಡು ಕೇಳುವುದು ಬೇರೆ ವಿಷಯ.

ಅಲ್ಲಿನ ಸರ್ಕಾರವೂ ಸುಮ್ನೆ ಕೂತಿಲ್ಲ. ಸ್ಮಾರಕಗಳ ಹತ್ತಿರ ಪ್ರವಾಸಿಗರನ್ನು ಪೀಡಿಸಿದರೆ 3,000ದಿಂದ 10,000 ಪೌಂಡ್ ದಂಡ ಅಂತ 2020ರಲ್ಲಿ ಕಾನೂನು ಮಾಡಿತು. 2025ರ ಏಪ್ರಿಲ್‌ನಲ್ಲಿ ಗೀಜಾಕ್ಕೆ ಹೊಸ ಗೇಟ್ ಮತ್ತು ಎಲೆಕ್ಟ್ರಿಕ್ ಬಸ್‌ಗಳನ್ನು ಪ್ರಯೋಗಕ್ಕೆ ಬಿಟ್ಟು, ಒಂಟೆ-ಕುದುರೆಯವರನ್ನು ಬೇರೆ ಜಾಗಕ್ಕೆ ಕಳಿಸಲು ಹೊರಟಿತು. ಅವರು ಪ್ರತಿಭಟನೆ ಮಾಡಿದರು. ಅವರ ಸಿಟ್ಟಿನಲ್ಲೂ ನ್ಯಾಯವಿದೆ. ಯಾಕೆಂದರೆ ಬಿಸಿಲಲ್ಲಿ ನಿಂತವರನ್ನಷ್ಟೇ ಆಚೆ ಕಳಿಸಿ, ಎಸಿಯಲ್ಲಿ ಕೂತು ಇದೇ ಕೆಲಸ ಮಾಡುವವರನ್ನು ಯಾರೂ ಕೇಳುವುದಿಲ್ಲ.

ಎಸಿಯಲ್ಲಿ ಕೂತವರು ಯಾರು ಅಂತೀರಾ? ಪ್ಯಾಕೇಜ್ ತಗೊಂಡು ಹೋದವರಿಗೆ ಗೊತ್ತು. "ಪಪೈರಸ್ ಇನ್‌ಸ್ಟಿಟ್ಯೂಟ್" ಅಂತ ಬೋರ್ಡ್ ಇರುತ್ತದೆ, ಒಳಗೆ ಅಂಗಡಿ. ಪಪೈರಸ್ ಅಂದರೆ ಜೊಂಡಿನಿಂದ ಮಾಡುವ ಹಳೇ ಕಾಲದ ಕಾಗದ. ಕುಡಿಯೋಕೆ ದಾಸವಾಳದ ಶರಬತ್ತು ಕೊಡುತ್ತಾರೆ. ಜೊಂಡಿನ ಪಟ್ಟಿಗಳನ್ನು ಅಡ್ಡಡ್ಡ ಉದ್ದುದ್ದ ಜೋಡಿಸಿ ತೋರಿಸುತ್ತಾರೆ, ಆಮೇಲೆ ಬಾಗಿಲ ಹತ್ತಿರ ನಿಂತುಕೊಳ್ಳುತ್ತಾರೆ. ಅಲ್ಲಿಂದ ಅತ್ತರಿನ ಅಂಗಡಿ, ಲಕ್ಸರ್‌ನಲ್ಲಿ ಅಲಬಾಸ್ಟರ್ ಕಲ್ಲಿನ ಅಂಗಡಿ, ಸಕ್ಕಾರಾ ದಾರಿಯಲ್ಲಿ ಕಾರ್ಪೆಟ್ ಅಂಗಡಿ. ನಾನು ಹೋಗಿದ್ದ ಗುಂಪಿಗೆ ಮ್ಯೂಸಿಯಂ ನೋಡೋಕೆ ಸಿಕ್ಕ ಹೊತ್ತಿಗಿಂತ ಅತ್ತರಿನ ಅಂಗಡಿಯಲ್ಲಿ ಕಳೆದ ಹೊತ್ತು ಜಾಸ್ತಿ. ನಮ್ಮ ಜೊತೆಗಿದ್ದ ವಯಸ್ಸಾದ ಅಮ್ಮ ಒಬ್ಬರು ಬೇಡ ಬೇಡ ಅನ್ನುತ್ತಲೇ ಬಾಟಲಿ ತಗೊಂಡರು. ಅವರಿಗೆ ಬೇಕಾಗಿದ್ದದ್ದು ಬಸ್ಸಿಗೆ ವಾಪಸ್ ಹೋಗುವುದು.

ಇದು ಕಮಿಷನ್ ಲೆಕ್ಕ. ಪ್ಯಾಕೇಜ್ ಅಷ್ಟು ಅಗ್ಗಕ್ಕೆ ಹೇಗೆ ಸಿಗುತ್ತದೆ? ನೀವು ಕಟ್ಟದ ದುಡ್ಡನ್ನು ಅಂಗಡಿಯವನು ಕಟ್ಟುತ್ತಾನೆ, ಆಮೇಲೆ ನಿಮ್ಮಿಂದಲೇ ವಸೂಲಿ ಮಾಡುತ್ತಾನೆ. ಅಂದರೆ ಕಂಪನಿ ನಿಮಗೆ ಈಜಿಪ್ಟ್ ಮಾರಿದ ಹಾಗೆಯೇ ಅಲ್ಲಿನ ಅಂಗಡಿಗೆ ನಿಮ್ಮನ್ನು ಮಾರಿರುತ್ತದೆ. ಚೀನಾ 2013ರಲ್ಲಿ ತಂದ ಪ್ರವಾಸೋದ್ಯಮ ಕಾನೂನು ಈ ಬುಡಕ್ಕೇ ಕೈ ಹಾಕಿತು. ಅಗ್ಗದ ಬೆಲೆ ತೋರಿಸಿ ಕರೆದುಕೊಂಡು ಹೋಗಿ ಅಂಗಡಿ ಕಮಿಷನ್ ಹೊಡೆಯುವಂತಿಲ್ಲ. ಹಾಗೆ ಮಾಡಿದರೆ ಪ್ರವಾಸಿ 30 ದಿನದೊಳಗೆ ಸಾಮಾನು ವಾಪಸ್ ಕೊಟ್ಟು ದುಡ್ಡು ಕೇಳಬಹುದು, ಅದನ್ನು ಕೊಡಿಸಬೇಕಾದದ್ದು ಟೂರ್ ಕಂಪನಿ. ನಮ್ಮಲ್ಲೂ ಇಂಥ ಕಾನೂನು ಬರಬೇಕು ಅಂತ ನಾನು ಗಟ್ಟಿಯಾಗಿ ಕೇಳುತ್ತೇನೆ.

ಇನ್ನು ಹೆಣ್ಣುಮಕ್ಕಳ ವಿಷಯ. ಇದನ್ನು ದುಡ್ಡಿನ ಕಿರುಕುಳದ ಜೊತೆ ಸೇರಿಸಲೇಬಾರದು. ಸಮುದ್ರದ ದಡದ ರೆಸಾರ್ಟ್‌ನಲ್ಲಿ ಹಿಂದೆ ಹಿಂದೆ ಬರುವುದು, ಮಸಾಜ್ ಹೆಸರಲ್ಲಿ ಕೈ ಆಡಿಸುವುದು, ಒಂಟೆ ಹತ್ತಿಸುವ ನೆಪದಲ್ಲಿ ಮುಟ್ಟುವುದು, ರೂಮಿನ ಫೋನ್‌ಗೆ ರಾತ್ರಿ ಕರೆ ಮಾಡುವುದು. ಇದು ಹೊಟ್ಟೆಪಾಡಲ್ಲ. "ಬಟ್ಟೆ ಸರಿಯಾಗಿ ಹಾಕ್ಕೊಂಡು ಹೋಗಬೇಕಿತ್ತು" ಅನ್ನುವವರಿಗೆ ಒಂದು ಲೆಕ್ಕ ಹೇಳುತ್ತೇನೆ. 2013ರಲ್ಲಿ ವಿಶ್ವಸಂಸ್ಥೆಯ ಮಹಿಳಾ ವಿಭಾಗ ಮಾಡಿದ ಸಮೀಕ್ಷೆಯಲ್ಲಿ, ಮಾತಾಡಿಸಿದ ಈಜಿಪ್ಟ್ ಹೆಂಗಸರಲ್ಲಿ ಶೇ. 99.3ರಷ್ಟು ಜನ ತಮಗೆ ಲೈಂಗಿಕ ಕಿರುಕುಳ ಆಗಿದೆ ಅಂದರು. ಅಲ್ಲಿ ಹೆಚ್ಚಿನವರು ತಲೆ ಮುಚ್ಚಿಕೊಂಡೇ ಓಡಾಡುವವರು. ಬಟ್ಟೆಯಿಂದ ಇದು ನಿಲ್ಲುವ ಹಾಗಿದ್ದರೆ ಅಲ್ಲಿ ಎಂದೋ ನಿಲ್ಲುತ್ತಿತ್ತು.

ಮತ್ತೆ ಇದರ ವಿರುದ್ಧ ಎಲ್ಲರಿಗಿಂತ ಮೊದಲು ನಿಂತವರೂ ಅಲ್ಲಿನ ಹೆಂಗಸರೇ. 2008ರಲ್ಲಿ ನೋಹಾ ರುಶ್ದಿ ಅನ್ನುವ ಯುವತಿ ಕೈರೋ ರಸ್ತೆಯಲ್ಲಿ ತನ್ನ ಮೈಮೇಲೆ ಕೈ ಹಾಕಿದ ಡ್ರೈವರ್‌ನನ್ನು ಬಿಡದೆ ಪೊಲೀಸರಿಗೆ ಒಪ್ಪಿಸಿದಳು. ಅವನಿಗೆ ಮೂರು ವರ್ಷ ಜೈಲಾಯಿತು. 2010ರ ಕೊನೆಯಲ್ಲಿ ಹರಾಸ್‌ಮ್ಯಾಪ್ ಶುರುವಾಯಿತು. ಎಲ್ಲಿ ಏನಾಯಿತು ಅಂತ ಹೆಂಗಸರು ಕಳಿಸುವ ಮೆಸೇಜ್‌ಗಳನ್ನು ಮ್ಯಾಪ್ ಮೇಲೆ ಗುರುತಿಸುವ ಕೆಲಸ ಅದು. 2014ರಲ್ಲಿ ಲೈಂಗಿಕ ಕಿರುಕುಳ ಅಪರಾಧ ಅಂತ ಕಾನೂನು ಬಂತು, 2021ರಲ್ಲಿ ಶಿಕ್ಷೆ ಇನ್ನೂ ಹೆಚ್ಚಾಯಿತು. ಹಾಗಾಗಿ "ಆ ದೇಶವೇ ಹಾಗೆ" ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. 2025ರ ಮಾರ್ಚ್‌ನಲ್ಲಿ ನಮ್ಮ ಹಂಪಿಯ ಹತ್ತಿರ, ಸಾಣಾಪುರದಲ್ಲಿ, ವಿದೇಶದಿಂದ ಬಂದ ಯುವತಿ ಮತ್ತು ಹೋಂಸ್ಟೇ ನಡೆಸುವ ಹೆಂಗಸಿನ ಮೇಲೆ ಅತ್ಯಾಚಾರ ಆಯಿತು. ಜೊತೆಗಿದ್ದವರನ್ನು ಕಾಲುವೆಗೆ ತಳ್ಳಿದರು, ಒಡಿಶಾದ ಹುಡುಗ ಒಬ್ಬ ಸತ್ತುಹೋದ. ಆಗಲೂ "ರಾತ್ರಿ ಹೊತ್ತು ಅಲ್ಲಿಗೆ ಯಾಕೆ ಹೋಗಿದ್ರು" ಅಂತ ಕೇಳಿದವರನ್ನು ನಾನು ಕಣ್ಣಾರೆ ನೋಡಿದ್ದೇನೆ. ದಯವಿಟ್ಟು ಆ ಪ್ರಶ್ನೆ ಕೇಳಬೇಡಿ. ಊರಿಗೆ ಬಂದ ಮಗಳೋ ತಂಗಿಯೋ ಹೀಗಾಯಿತು ಅಂತ ಹೇಳಿದರೆ, ಪೂರ್ತಿ ಕೇಳಿಸಿಕೊಳ್ಳಿ.

ಅಲ್ಲಿದ್ದಾಗ ಏನು ಮಾಡಬಹುದು? ಬೇಡ ಅಂದಮೇಲೆ ಕಾರಣ ಕೊಡಬೇಡಿ. ನಿಲ್ಲಬೇಡಿ, ಫೋನು, ಟಿಕೆಟ್ಟು, ಮಗು ಯಾವುದನ್ನೂ ಕೈಗೆ ಕೊಡಬೇಡಿ. ಜೋರಾಗಿ ಮಾತಾಡಿ, ನಾಲ್ಕು ಜನಕ್ಕೆ ಕೇಳಿಸಲಿ. ದೊಡ್ಡ ಪ್ರವಾಸಿ ತಾಣಗಳಲ್ಲಿ ಟೂರಿಸ್ಟ್ ಪೊಲೀಸರು ಇರುತ್ತಾರೆ, ಅವರ ಹತ್ತಿರ ಹೋಗಿ. ಹೋಟೆಲಿನವರೇ ಕಾಟ ಕೊಟ್ಟರೆ ಮ್ಯಾನೇಜರ್‌ಗೆ ಬಾಯಲ್ಲಿ ಹೇಳಿ ಬಿಡಬೇಡಿ, ಮೇಲ್ ಹಾಕಿ, ರೂಮ್ ಬದಲಿಸಿ ಅಂತ ಕೇಳಿ. ಕೈರೋದಲ್ಲಿ ನಮ್ಮ ರಾಯಭಾರ ಕಚೇರಿ ಇದೆ, ನಂಬರ್ ಮೊದಲೇ ಬರೆದಿಟ್ಟುಕೊಳ್ಳಿ.

ವಾಪಸ್ ಬಂದಮೇಲೆ ಕಂಪನಿಯನ್ನು ಸುಮ್ನೆ ಬಿಡಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀವು ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಎರಡು ವರ್ಷ ಸಮಯ ಇದೆ. ಗ್ರಾಹಕ ಸಹಾಯವಾಣಿ 1915. ಹೇಳಿದ ಜಾಗ ತೋರಿಸದೆ ಅಂಗಡಿಯಲ್ಲಿ ಕೂರಿಸಿದ್ದರೆ ಅದು ಸೇವೆಯಲ್ಲಿ ಆದ ಕೊರತೆ ಅಂತ ವಾದ ಮಾಡಬಹುದು. ಅದಕ್ಕೆ ಪುರಾವೆ ಬೇಕು, ಅಲ್ವಾ? ಆದ್ದರಿಂದ ಅಡ್ವಾನ್ಸ್ ಕೊಡುವ ಮೊದಲೇ ಕೇಳಿ: ದಿನಕ್ಕೆ ಎಷ್ಟು ಅಂಗಡಿಗೆ ಕರೆದುಕೊಂಡು ಹೋಗುತ್ತೀರಿ, ಎಷ್ಟು ಹೊತ್ತು, ಬರಲ್ಲ ಅಂದವರಿಗೆ ಏನು ವ್ಯವಸ್ಥೆ, ಹೆಂಗಸರಿಗೆ ತೊಂದರೆಯಾದರೆ ರಾತ್ರಿ ಯಾರಿಗೆ ಫೋನ್ ಮಾಡಬೇಕು. ಉತ್ತರವನ್ನು ಬರೆದು ಕೊಡಿ ಅನ್ನಿ. ಬರೆದು ಕೊಡಲ್ಲ ಅಂದರೆ ಆ ಕಂಪನಿಗೆ ಒಂದು ರೂಪಾಯಿಯನ್ನೂ ಕಟ್ಟಬೇಡಿ.