ಕಚೇರಿಯ ಕಡತದಲ್ಲಿ ಕಾನೂನು ಓದಿದ ಮಳೆಗಾಲ

ನಮಸ್ಕಾರ. ನೀವು ನೋಡುತ್ತಿರುವುದು ಮಡಿಕೇರಿಯ ಮಳೆ. ರಸ್ತೆ, ಬಸ್ ನಿಲ್ದಾಣ, ಮಂಜು, ಎಲ್ಲವನ್ನೂ ಚಿತ್ರೀಕರಿಸಿದ್ದೇನೆ. ಆದರೆ ಕಾನೂನು ವಿದ್ಯಾರ್ಥಿನಿಯಾಗಿ ನಾನು ಇಂಟರ್ನ್‌ಶಿಪ್ ಮಾಡಿದ ಸ್ಥಳೀಯ ಸಂಸ್ಥೆಯ ಕಚೇರಿಯ ಕಡತದ ಒಂದು ಪುಟವೂ ಈ ವಿಡಿಯೊದಲ್ಲಿ ಕಾಣಿಸುವುದಿಲ್ಲ. ಆ ಪುಟಗಳಲ್ಲಿರುವುದು ಜನರ ಮನೆ, ಜಾಗ, ಜಗಳ. ಅವು ನನ್ನ ಕ್ಯಾಮೆರಾಗೆ ಸೇರಿದ್ದಲ್ಲ.

ಕಾನೂನು ಓದುವ ನಮ್ಮ ಜಿಲ್ಲೆಯ ಹುಡುಗ ಹುಡುಗಿಯರು ಇಂಟರ್ನ್‌ಶಿಪ್ ಎಂದ ಕೂಡಲೇ ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮಗಳ ಪ್ರಕಾರ ಮೂರು ವರ್ಷದ ಕೋರ್ಸಿಗೆ ಕನಿಷ್ಠ 12 ವಾರ, ಐದು ವರ್ಷದ ಕೋರ್ಸಿಗೆ 20 ವಾರ ಇಂಟರ್ನ್‌ಶಿಪ್ ಕಡ್ಡಾಯ. ಎಲ್ಲೆಲ್ಲಿ ಮಾಡಬಹುದು ಎಂಬ ಪಟ್ಟಿಯಲ್ಲಿ ವಕೀಲರು, ನ್ಯಾಯಾಲಯ, ಕಂಪನಿಗಳ ಜೊತೆಗೆ ನಗರಸಭೆ, ಪುರಸಭೆಯಂಥ ಸ್ಥಳೀಯ ಸ್ವಯಂ ಆಡಳಿತ ಸಂಸ್ಥೆಗಳೂ ಇವೆ. ಅದನ್ನು ಯಾರೂ ಗಮನಿಸುವುದಿಲ್ಲ ಎಂಬುದೇ ನನ್ನ ಬೇಸರ.

ಅಂಥ ಸಂಸ್ಥೆಯ ಕಾನೂನು ವಿಭಾಗ ಎಂದರೆ ದೊಡ್ಡ ಕೊಠಡಿ, ಸಾಲು ಮೇಜು ಎಂದುಕೊಳ್ಳಬೇಡಿ. ನಾನು ಸೇರಿದ ಸಂಸ್ಥೆಯಲ್ಲಿ ಇದ್ದದ್ದು ಕಡತಗಳನ್ನು ನೋಡಿಕೊಳ್ಳುವ ಒಬ್ಬ ವಿಷಯ ನಿರ್ವಾಹಕರು, ಒಂದು ಬೀರು, ಸಂಸ್ಥೆಯ ಪರವಾಗಿ ಹೊರಗೆ ಕೋರ್ಟಿನಲ್ಲಿ ಹಾಜರಾಗುವ ಒಬ್ಬ ಪ್ಯಾನಲ್ ವಕೀಲರು. ಮಳೆಗಾಲದಲ್ಲಿ ಕಡತದ ರಟ್ಟಿಗೆ ಬೂಸ್ಟು ಹಿಡಿಯುತ್ತದೆ. ಒರೆಸಿ, ದಾರ ಬಿಚ್ಚಿ, ಪುಟಸಂಖ್ಯೆ ಹಾಕುವುದರಿಂದಲೇ ಕೆಲಸ ಶುರು.

ಒಂದು ಕಡತವನ್ನು ಮರೆಯಲಾರೆ. ಇಳಿಜಾರಿನ ಜಾಗದಲ್ಲಿ ಪರವಾನಗಿ ಇಲ್ಲದೆ ಎದ್ದ ಕಟ್ಟಡ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮನೆಗಳು ಮಣ್ಣಾದದ್ದನ್ನು ಕಂಡ ಯಾರಿಗೂ ಇದು ಸಣ್ಣ ವಿಷಯವಲ್ಲ. ಸಂಸ್ಥೆ ನೋಟಿಸ್ ಕಳುಹಿಸಿತ್ತು. ಮಾಲೀಕರು ಊರಲ್ಲಿರಲಿಲ್ಲ, 'ಬಾಗಿಲು ಬೀಗ' ಎಂಬ ಅಂಚೆಯ ಷರಾದೊಂದಿಗೆ ಲಕೋಟೆ ಹಿಂದಿರುಗಿತ್ತು. ಬಾಗಿಲಿಗೆ ಅಂಟಿಸಿ ಬಂದದ್ದು ಸಿಬ್ಬಂದಿಗೆ ಚೆನ್ನಾಗಿ ನೆನಪಿದೆ. ಆದರೆ ಅಂಟಿಸಿದ್ದಕ್ಕೆ ಸಾಕ್ಷಿಗಳ ಸಹಿಯಿರುವ ಮಹಜರು, ಅಂದರೆ ಸ್ಥಳದಲ್ಲೇ ಬರೆದ ದಾಖಲೆ, ಕಡತದಲ್ಲಿಲ್ಲ. ಮಾಲೀಕರು ದಾವೆ ಹೂಡಿ ತಡೆಯಾಜ್ಞೆ ತಂದಿದ್ದಾರೆ.

ದಾವೆಯ ಪ್ರತಿಯೊಂದು ಕಂಡಿಕೆಗೂ (ಪ್ಯಾರಾಗೂ) ಕಚೇರಿಯ ಉತ್ತರವನ್ನು ಕರಡು ಮಾಡಿ ವಕೀಲರಿಗೆ ಕೊಡುವುದು ನನ್ನ ಪಾಲಿಗೆ ಬಂತು. ಸಮನ್ಸ್ ತಲುಪಿದ 30 ದಿನಗಳೊಳಗೆ ಪ್ರತಿವಾದಿ ಲಿಖಿತ ಹೇಳಿಕೆ, ಅಂದರೆ ದಾವೆಗೆ ತನ್ನ ಉತ್ತರ, ಸಲ್ಲಿಸಬೇಕು, ನ್ಯಾಯಾಲಯ ಅದನ್ನು 90 ದಿನಗಳವರೆಗೆ ವಿಸ್ತರಿಸಬಹುದು. ಕಚೇರಿಯ ಟಿಪ್ಪಣಿ ತಡವಾದರೆ ವಕೀಲರ ಕೈ ಕಟ್ಟಿದಂತೆಯೇ. 'ನೋಟಿಸ್ ತಲುಪಿಲ್ಲ' ಎಂಬ ಕಂಡಿಕೆಗೆ ಏನು ಬರೆಯಲಿ ಎಂದು ಕೇಳಿದೆ. ವಿಷಯ ನಿರ್ವಾಹಕರು ಹೇಳಿದರು: "ಸುಳ್ಳು ಎಂದು ಬರೆಯಬೇಡಮ್ಮ. ಕಡತದಲ್ಲಿ ಏನಿದೆಯೋ ಅಷ್ಟನ್ನೇ ಬರೆ." ಒಬ್ಬರ ವಿರುದ್ಧ ಕ್ರಮಕ್ಕೆ ಮೊದಲು ಅವರಿಗೆ ತಿಳಿಸಿ ಅವರ ಮಾತು ಕೇಳಬೇಕು ಎಂಬ ಸಹಜ ನ್ಯಾಯದ ಪಾಠವನ್ನು ತರಗತಿಯಲ್ಲಿ ಓದಿದ್ದೆ. ಅದು ಒಂದು ಮಹಜರಿನ ಮೇಲೆ ನಿಂತಿರುತ್ತದೆ ಎಂಬುದು ಆ ಮೇಜಿನ ಮುಂದೆ ತಿಳಿಯಿತು.

ಇನ್ನು ಕೊಡಗಿನದ್ದೇ ಆದ ತೊಡಕುಗಳು. ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಾಗದ ಪಹಣಿಯಲ್ಲಿ ಕುಟುಂಬದ ಹಿರಿಯರಾದ ಪಟ್ಟೇದಾರರ ಹೆಸರು, ಅನುಭವದಲ್ಲಿ ಒಕ್ಕದ, ಅಂದರೆ ಆ ಕೂಡುಕುಟುಂಬದ, ಹಲವು ಪಾಲುದಾರರು. ಅಲ್ಲಿ ಕಟ್ಟಡದ ಪರವಾನಗಿಗೆ ಅರ್ಜಿ ಹಾಕಿದವರು ಯಾರು, ಒಪ್ಪಿಗೆ ಕೊಡಬೇಕಾದವರು ಯಾರು? ಬೆಂಗಳೂರಿನ ಯಾವ ಕಚೇರಿಯೂ ಇದನ್ನು ನಿಮಗೆ ಕಲಿಸುವುದಿಲ್ಲ.

ಒಬ್ಬ ಅಜ್ಜಿ ಕೊಡೆ ಮಡಚಿ, ಪ್ಲಾಸ್ಟಿಕ್ ಕವರಿನಿಂದ ನೋಟಿಸ್ ತೆಗೆದು, "ಇದರಲ್ಲಿ ಏನಿದೆ, ಓದಿ ಹೇಳು ಮಗಳೇ" ಎಂದರು. ತುಂಬ ಕಲಮುಗಳಿದ್ದವು. ಯಾವ ದಿನದೊಳಗೆ, ಯಾವ ಕಾಗದ ಹಿಡಿದು, ಯಾರನ್ನು ಕಾಣಬೇಕು ಎಂಬುದು ಮಾತ್ರ ಇರಲಿಲ್ಲ. ಅವರನ್ನು ಕೂರಿಸಿ, ಕೇಳಿ, ಅದನ್ನೇ ಹಾಳೆಯ ಹಿಂಬದಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟೆ. ಪ್ರತಿಯೊಂದು ನೋಟಿಸಿನ ಕೊನೆಗೂ ಆ ಮೂರು ಸಾಲು ಅಚ್ಚಾಗಬೇಕು ಎಂದು ಕಚೇರಿಗೆ ಲಿಖಿತವಾಗಿಯೇ ಕೇಳಿಕೊಂಡಿದ್ದೇನೆ.

ನೀವೂ ಹೋಗಿ. ಕಾಲೇಜಿನ ಪತ್ರದೊಂದಿಗೆ ನಗರಸಭೆಯಾದರೆ ಪೌರಾಯುಕ್ತರಿಗೆ, ಪುರಸಭೆಯಾದರೆ ಮುಖ್ಯಾಧಿಕಾರಿಗೆ ಅರ್ಜಿ ಬರೆಯಿರಿ. ಒಂದು ವರ್ಷದಲ್ಲಿ ಸತತ ನಾಲ್ಕು ವಾರಕ್ಕಿಂತ ಹೆಚ್ಚು ಮಾಡುವಂತಿಲ್ಲ, ಅದಕ್ಕೆ ತಕ್ಕಂತೆ ದಿನಾಂಕ ನಮೂದಿಸಿ. ಅರ್ಜಿಯನ್ನು ಟಪಾಲು ವಿಭಾಗದಲ್ಲೇ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡೇ ಹೊರಗೆ ಬನ್ನಿ.