ಅಮ್ಮ ಇವತ್ತು ಎಷ್ಟು ನೀರು ಕುಡಿದಳು?

ಎಲ್ಲರಿಗೂ ನಮಸ್ಕಾರ. ಭಾನುವಾರದ ಮೆಗಾಬ್ಲಾಕ್ ಅಂತ ಮುಂಬಯಿಯ ಲೋಕಲ್ ರೈಲುಗಳು ಕಡಿಮೆ ಇದ್ದರೂ ಡೊಂಬಿವಲಿ ತನಕ ಬಂದಿದ್ದೀರಿ, ಸಂತೋಷ.

ನಾನು ಡಾಕ್ಟರಲ್ಲ. ನನ್ನ ಅಮ್ಮ ಕುಂದಾಪುರದ ಹತ್ತಿರದ ಹಳ್ಳಿಯಲ್ಲಿದ್ದಾಳೆ. ಅವಳಿಗೆ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ. ಅಣ್ಣ, ಅತ್ತಿಗೆ ನೋಡಿಕೊಳ್ಳುತ್ತಾರೆ, ನಾನು ಇಲ್ಲಿಂದ ಫೋನ್ ಮಾಡುತ್ತೇನೆ. ಆ ಫೋನಿನ ಬಗ್ಗೆಯೇ ಇವತ್ತಿನ ಮಾತು.

ಮೊದಲೆಲ್ಲ ದಿನಾ ಬೆಳಿಗ್ಗೆ, ಆಫೀಸಿಗೆ ಹೊರಡುವ ಮುಂಚೆ ಫೋನ್ ಮಾಡುತ್ತಿದ್ದೆ. "ಅರಾಂ ಇದ್ದೆ ಮಗಾ. ತಿಂಡಿ ಆಯ್ತಾ? ಅಲ್ಲಿ ಮಳೆ ಹೇಂಗೆ?" ಅನ್ನುತ್ತಿದ್ದಳು. ಎಷ್ಟೋ ವರ್ಷಗಳಿಂದ ಆಡಿದ ಮಾತು, ನಾಲಿಗೆಗೆ ಬಾಯಿಪಾಠ. ಒಮ್ಮೆ ಅತ್ತಿಗೆ ಹೇಳಿದರು, "ಸಂಜೆಯಾದ್ರೆ ಅತ್ತೆಯನ್ನು ಹಿಡಿಯೋದೇ ಕಷ್ಟ." ನಾನು ಅಂದೆ, "ನನ್ನ ಹತ್ತಿರ ಚೆನ್ನಾಗೇ ಮಾತಾಡಿದಳಲ್ಲ?" ಅತ್ತಿಗೆ ಸುಮ್ಮನಾದರು. ಆಮೇಲೆ ಯಾವಾಗ ಕೇಳಿದರೂ ಒಂದೇ ಉತ್ತರ, "ಚೆನ್ನಾಗಿದ್ದಾರೆ." ಸುದ್ದಿ ಬರುವ ಬಾಗಿಲನ್ನು ನಾನೇ ಮುಚ್ಚಿದ್ದೆ.

ಒಂದು ಮಳೆಗಾಲ ಮತ್ಸ್ಯಗಂಧ ರೈಲು ಹತ್ತಿ ಊರಿಗೆ ಹೋದೆ. ದೀಪ ಹಚ್ಚುವ ಹೊತ್ತಿಗೆ ಅಮ್ಮ ಹೆಬ್ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಬಟ್ಟೆಯ ಚೀಲ. ಅದರಲ್ಲಿ ಒಂದು ಸೀರೆ, ಬಾಚಣಿಗೆ, ಟಿವಿಯ ರಿಮೋಟು. "ಕತ್ತಲಾಯ್ತು, ಮನೆಗೆ ಹೋಪ" ಅಂತ ಅಳುತ್ತಿದ್ದಳು. ಮದುವೆಯಾದಾಗಿನಿಂದ ಅವಳು ಇರುವುದು ಅದೇ ಮನೆಯಲ್ಲಿ. "ಇದೇ ನಿನ್ನ ಮನೆ ಅಮ್ಮ" ಅಂದೆ, ಅಳು ಜಾಸ್ತಿಯಾಯಿತು. ಅತ್ತಿಗೆ ಬಂದು, "ಹೋಪ ಅತ್ತೆ, ಒಂದು ಲೋಟ ಕಾಪಿ ಕುಡಿದು ಹೋಪ" ಅಂತ ಮೆಲ್ಲಗೆ ಚೀಲ ತೆಗೆದುಕೊಂಡರು. ಅವರಿಗೆ ಇದು ದಿನಾ ಇದ್ದದ್ದೇ.

ಈ ಕಾಯಿಲೆ ಇರುವ ಎಷ್ಟೋ ಜನರಿಗೆ ಸಂಜೆ ಹೊತ್ತು ಗಲಿಬಿಲಿ ಜಾಸ್ತಿ. ಫೋನಿನಲ್ಲಿ ಹತ್ತು ನಿಮಿಷ, ನೆಂಟರ ಮುಂದೆ ಅರ್ಧ ಗಂಟೆ ಹೇಗೋ ಸಂಭಾಳಿಸುತ್ತಾರೆ. ದೂರದಲ್ಲಿರುವ ಮಕ್ಕಳಿಗೆ ಸಿಗುವುದು ಆ ಹತ್ತು ನಿಮಿಷ ಮಾತ್ರ. ಅದನ್ನೇ ನಂಬಿ, ಹತ್ತಿರ ಇರುವವರ ಮಾತನ್ನು ಅನುಮಾನಿಸುತ್ತೇವೆ. ಇದು ದೊಡ್ಡ ಅನ್ಯಾಯ. ನಾನು ಅತ್ತಿಗೆಯ ಕ್ಷಮೆ ಕೇಳಿದೆ.

ಇದು ನಮ್ಮೊಬ್ಬರ ಮನೆಯ ಕಥೆಯಲ್ಲ. 2023ರಲ್ಲಿ ಪ್ರಕಟವಾದ ಒಂದು ದೇಶವ್ಯಾಪಿ ಅಧ್ಯಯನದ ಅಂದಾಜಿನಂತೆ, ಭಾರತದಲ್ಲಿ 60 ದಾಟಿದವರಲ್ಲಿ ನೂರಕ್ಕೆ 7.4 ಮಂದಿಗೆ ಡಿಮೆನ್ಷಿಯಾ ಇದೆ. ಅಂದರೆ ಸುಮಾರು 88 ಲಕ್ಷ ಜನ. ಪೇಟೆಗಿಂತ ಹಳ್ಳಿಗಳಲ್ಲೇ ಜಾಸ್ತಿ. ಅಂದರೆ ನಾವು ಬಿಟ್ಟು ಬಂದ ಊರುಗಳಲ್ಲಿ, ಅಲ್ವಾ? "ವಯಸ್ಸಾಯ್ತು, ಅರಳು ಮರಳು" ಅಂತ ಬಿಟ್ಟುಬಿಡಬೇಡಿ. ಬಿ12 ಕೊರತೆ, ಥೈರಾಯ್ಡ್ ತೊಂದರೆಗಳಿಂದಲೂ ಮರೆವು ಬರುತ್ತದೆ, ಅದಕ್ಕೆ ಔಷಧಿ ಇದೆ. ಮೊದಲು ಪರೀಕ್ಷೆ ಮಾಡಿಸಿ.

ಈಗ ನಾನು "ಹೇಗಿದ್ದಾಳೆ?" ಅಂತ ಕೇಳುವುದಿಲ್ಲ. ಎಷ್ಟು ಲೋಟ ನೀರು ಕುಡಿದಳು? ಗಂಜಿ ಪೂರ್ತಿ ಉಂಡಳಾ? ರಾತ್ರಿ ಎಷ್ಟು ಸಲ ಎದ್ದಳು? ಮಲವಿಸರ್ಜನೆ ಸರಿಯಾಗಿ ಆಯಿತಾ? ನಡೆಯುವಾಗ ಗೋಡೆ ಹಿಡಿಯುತ್ತಾಳಾ? ಅಡುಗೆಮನೆಯ ಕ್ಯಾಲೆಂಡರಿನ ಆಯಾ ತಾರೀಕಿನ ಚೌಕದಲ್ಲೇ ಅತ್ತಿಗೆ ಬರೆಯುತ್ತಾರೆ, ವಾರಕ್ಕೊಮ್ಮೆ ಫೋಟೋ ಕಳಿಸುತ್ತಾರೆ.

ಹೋದ ವರ್ಷ ಅಮ್ಮ ಎರಡೇ ದಿನದಲ್ಲಿ ಮಂಕಾದಳು. ಅಣ್ಣನ ಗುರುತು ಹಿಡಿಯಲಿಲ್ಲ, ಹಗಲಿಡೀ ನಿದ್ದೆ. ಕಾಯಿಲೆ ಮುಂದುವರಿಯಿತು ಅಂದುಕೊಂಡು ಎಲ್ಲರೂ ಕೈಚೆಲ್ಲಿದರು. ಆದರೆ ಕ್ಯಾಲೆಂಡರಿನಲ್ಲಿ ನೀರಿನ ಲೆಕ್ಕ ಆರು ಲೋಟದಿಂದ ಎರಡಕ್ಕೆ ಇಳಿದಿತ್ತು. ಡಾಕ್ಟರ ಹತ್ತಿರ ಕರೆದುಕೊಂಡು ಹೋದರೆ ಮೂತ್ರದ ಸೋಂಕು. ಚಿಕಿತ್ಸೆಯಾಗಿ ವಾರದಲ್ಲಿ ಮೊದಲಿನಂತಾದಳು. ದಯವಿಟ್ಟು ನೆನಪಿಟ್ಟುಕೊಳ್ಳಿ. ಡಿಮೆನ್ಷಿಯಾ ಸಾಮಾನ್ಯವಾಗಿ ನಿಧಾನವಾಗಿ ಬೆಳೆಯುತ್ತದೆ. ಒಂದೆರಡು ದಿನದಲ್ಲೇ ಬದಲಾದರೆ ಬೇರೆ ಕಾರಣ ಇರಬಹುದು. ಸೋಂಕು, ಮಲಬದ್ಧತೆ, ರಕ್ತದಲ್ಲಿ ಉಪ್ಪಿನಂಶ ಇಳಿದಿರುವುದು, ಹೊಸ ಮಾತ್ರೆ, ಬಿದ್ದು ತಲೆಗೆ ಪೆಟ್ಟು, ಯಾವುದೂ ಇರಬಹುದು. ಆಗ ಕಾಯಬಾರದು, ಅದೇ ದಿನ ತೋರಿಸಬೇಕು. ಕೆಮ್ಮು ನೆಗಡಿಗೆ ಅಂಗಡಿಯಿಂದ ತರುವ ಕೆಲವು ಮಾತ್ರೆಗಳೂ ಗಲಿಬಿಲಿ ಹೆಚ್ಚಿಸುತ್ತವೆ. ಎಲ್ಲ ಮಾತ್ರೆಗಳ ಪಟ್ಟಿಯ ಫೋಟೋ ನಿಮ್ಮ ಮೊಬೈಲಿನಲ್ಲಿರಲಿ.

ಕ್ಯಾಮೆರಾ ಹಾಕಿಸಬಹುದಲ್ಲ ಅಂತ ಕೆಲವರು ಕೇಳುತ್ತಾರೆ. ನನಗೆ ಮನಸ್ಸಾಗಲಿಲ್ಲ. ಅತ್ತಿಗೆ ದಿನಾ ಓಡಾಡುವ ಮನೆ ಅದು. ಊರಲ್ಲಿ ಯಾರೂ ಇಲ್ಲದವರು ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಿ ಕೇಳಬಹುದು. ನೋಡಿಕೊಳ್ಳುವವರಿಗೇ ಮನಸ್ಸು ಸೋತರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ಕನ್ನಡದಲ್ಲೇ ಮಾತಾಡುತ್ತಾರೆ.

ಈಗ ಮೊದಲ ಫೋನ್ ಅತ್ತಿಗೆಗೆ. "ಅತ್ತಿಗೆ, ನಿಮ್ಮ ಊಟ ಆಯ್ತಾ? ನಿದ್ದೆ ಬಂತಾ?" ಆಮೇಲೆ ಅಮ್ಮ. ವರ್ಷಕ್ಕೆರಡು ಸಲ, ಹದಿನೈದು ದಿನ, ನಾನು ಹೋಗುತ್ತೇನೆ, ಅತ್ತಿಗೆ ತವರಿಗೆ ಹೋಗುತ್ತಾರೆ. ಆ ದಿನಗಳಲ್ಲಿ ಕ್ಯಾಲೆಂಡರು ಬರೆಯುವವಳು ನಾನು. ಸಂಜೆ ಚೀಲ ಹಿಡಿದು ಬಂದ ಅಮ್ಮನಿಗೆ "ಹೋಪ, ಕಾಪಿ ಕುಡಿದು ಹೋಪ" ಅನ್ನುವವಳೂ ನಾನೇ. ರಾತ್ರಿ ಅತ್ತಿಗೆಯ ಫೋನ್ ಬರುತ್ತದೆ, "ಅತ್ತೆ ಇವತ್ತು ಎಷ್ಟು ನೀರು ಕುಡಿದ್ರು?"